ಮನೆ ಕಟ್ಟುವ ಮುನ್ನ ಅಂಗಳದ ಯೋಜನೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹಿರಿಯರು ಹೇಳಿದ್ದಾರೆ. ಎರಡು ಕಾರ್ಯಗಳಲ್ಲಿಯೂ ಕೈಯ ಹಣ ಕರಗುವ ದಾರಿಗಳು ಹಲವು. ಆದರೂ ಒಂದು ಭೇದವಿದೆ. ಮದುವೆಯಲ್ಲಿ ಹಂದರ ಎಲ್ಲಿ, ನೀರಿನ ಹಂಡೆ ಎಲ್ಲಿ, ಊಟದ ಪಂಕ್ತಿ ಎಲ್ಲಿ ಎಂಬುದನ್ನು ಲಗ್ನಕ್ಕೆ ಮೊದಲೇ ಗೊತ್ತುಪಡಿಸುತ್ತೇವೆ. ಮನೆಯ ವಿಷಯದಲ್ಲಿ ಮಾತ್ರ ಗೋಡೆಯೊಳಗಿನ ಕೋಣೆಗಳನ್ನಷ್ಟೇ ಎಣಿಸಿ, ಗೋಡೆಯ ಹೊರಗಿನ ನೆಲವನ್ನು ‘ಆಮೇಲೆ ನೋಡೋಣ’ ಎಂದು ಬಿಟ್ಟುಬಿಡುತ್ತೇವೆ. ಆ ‘ಆಮೇಲೆ’ ಬರುವ ಹೊತ್ತಿಗೆ ಮೇಲ್ಮಣ್ಣು ಹೋಗಿರುತ್ತದೆ, ಸಿಮೆಂಟಿನ ತ್ಯಾಜ್ಯ ನೆಲದಲ್ಲಿ ಹೂತಿರುತ್ತದೆ, ಮರ ನೆಡಬೇಕಾದ ಜಾಗದಲ್ಲಿ ಮಲದ ಗುಂಡಿ ಕುಳಿತಿರುತ್ತದೆ. ಅಂಗಳ ಮತ್ತು ಹಿತ್ತಲುಗಳನ್ನು ಮನೆಯ ಜೊತೆಗೇ, ಪಾಯ ತೋಡುವ ಮೊದಲೇ, ಯೋಜಿಸಬೇಕೆಂಬುದು ಈ ಲೇಖನದ ಉದ್ದೇಶ. ಭೂಗೋಳಶಾಸ್ತ್ರದ ವಿದ್ಯಾರ್ಥಿಯಾದ ನಾನು ತರಗತಿಯಲ್ಲಿ ಕಲಿತ ಸೂರ್ಯನ ಗತಿ, ಮಳೆ, ಮಣ್ಣುಗಳ ಪಾಠವನ್ನು ನಮ್ಮ ಜಿಲ್ಲೆಯ ಒಂದು ಸಾಮಾನ್ಯ ನಿವೇಶನಕ್ಕೆ ಹಚ್ಚಿ ನೋಡಿದ್ದೇನೆ.

ನಮಗೆ ಈ ವಿಷಯ ಏಕೆ ಬೇಕು?

ಊರಿಗೆ ಊರೇ ಹೊಸದಾಗಿ ಮನೆ ಕಟ್ಟಿಕೊಂಡ ಉದಾಹರಣೆ ನಮ್ಮ ಕಣ್ಣ ಮುಂದೆಯೇ ಇದೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣೆಯ ಅಣೆಕಟ್ಟಿಗೆ ಅಡಿಗಲ್ಲನ್ನಿಟ್ಟರು. ಆ ಜಲಾಶಯದ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಏರಿ ಬಂದು ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳನ್ನು ನುಂಗಿತು. ಮನೆ ಕಳೆದುಕೊಂಡವರಿಗಾಗಿ ಎತ್ತರದ ನೆಲದ ಮೇಲೆ ಸೆಕ್ಟರುಗಳಾಗಿ ವಿಂಗಡಿಸಿದ ನವನಗರ ಎದ್ದಿತು. ಪ್ರಸಿದ್ಧ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರು ಈ ಹೊಸ ಪಟ್ಟಣದ ಯೋಜನೆಯಲ್ಲಿ ಕೆಲಸ ಮಾಡಿದವರು. ಬಿಸಿ ನಾಡುಗಳಲ್ಲಿ ಆಕಾಶಕ್ಕೆ ತೆರೆದ ಜಾಗವೂ ಒಂದು ಕೋಣೆಯಷ್ಟೇ ಉಪಯುಕ್ತ, ಬಡವರ ಮನೆಗೆ ಅದು ಇನ್ನೂ ಹೆಚ್ಚು ಅವಶ್ಯಕ ಎಂಬುದು ಅವರು ಜೀವನದುದ್ದಕ್ಕೂ ಪ್ರತಿಪಾದಿಸಿದ ವಿಚಾರ.

ಈ ಕಥೆ ಇಲ್ಲಿಗೆ ಮುಗಿದಿಲ್ಲ. 2010ರ ಡಿಸೆಂಬರಿನಲ್ಲಿ ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಾಧಿಕರಣವು ಆಲಮಟ್ಟಿಯಲ್ಲಿ 519.6 ಮೀಟರಿನ ಬದಲು 524.256 ಮೀಟರಿನವರೆಗೆ ನೀರು ನಿಲ್ಲಿಸಬಹುದೆಂದು ತೀರ್ಪು ಕೊಟ್ಟಿತು. ನೀರು ಆ ಮಟ್ಟಕ್ಕೆ ಏರಿದರೆ ಇನ್ನೂ ಅನೇಕ ಕುಟುಂಬಗಳು ಹಳೆಯ ಮನೆಯ ಕಟ್ಟೆ, ಬೇವಿನ ಮರ, ದನದ ಕೊಟ್ಟಿಗೆಗಳನ್ನು ಬಿಟ್ಟು ಅಳತೆಯ ನಿವೇಶನಕ್ಕೆ ಬರಬೇಕಾಗುತ್ತದೆ. ಪರಿಹಾರದ ಹಣದಿಂದ ಗೋಡೆ ಏಳುತ್ತದೆ, ನೆರಳು ಏಳುವುದಿಲ್ಲ. ನೆರಳಿಗೆ ಬೇಕಾದುದು ಕಾಲ ಮತ್ತು ಯೋಜನೆ. ಯೋಜನೆಯನ್ನು ಮೊದಲೇ ಮಾಡಿದವನು ಕಾಲವನ್ನು ಗಳಿಸುತ್ತಾನೆ.

ಹಿಂದಿನವರ ಕ್ರಮ

ಈ ವಿಚಾರ ಹೊಸದೆಂದು ಭಾವಿಸಬೇಕಾಗಿಲ್ಲ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ವೆಂಬ ಕನ್ನಡ ಗ್ರಂಥದಲ್ಲಿ ವಾಸ್ತು, ನೆಲದೊಳಗಿನ ನೀರನ್ನು ಕಂಡುಹಿಡಿಯುವ ಬಗೆ ಮತ್ತು ವೃಕ್ಷಾಯುರ್ವೇದ ಈ ಮೂರೂ ವಿಷಯಗಳು ಒಂದೇ ಹೊತ್ತಗೆಯಲ್ಲಿವೆ. ಮನೆ, ನೀರು, ಮರ ಇವು ಬೇರೆಬೇರೆ ಇಲಾಖೆಗಳೆಂದು ಆ ಕಾಲದವರು ಎಣಿಸಿರಲಿಲ್ಲ.

ಬಾದಾಮಿಯನ್ನೇ ನೋಡಿರಿ. ಸುತ್ತಲಿನ ಕೆಂಪು ಮರಳುಗಲ್ಲಿನ ಬಂಡೆಗಳ ಮೇಲೆ ಬಿದ್ದ ಮಳೆ ಧುಮುಕಿ ಅಗಸ್ತ್ಯತೀರ್ಥಕ್ಕೆ ಸೇರುತ್ತದೆ. ಬಂಡೆ ನೀರನ್ನು ಹೀರದು. ಆದುದರಿಂದ ಹರಿದು ಬರುವ ನೀರಿಗೆ ತಡೆ ಹಾಕಿ ಕೆರೆ ಮಾಡಿ, ಅದರ ದಂಡೆಯ ಮೇಲೆ ಗುಡಿಗಳನ್ನು ಕಟ್ಟಿದರು. ನಮ್ಮ ಇಂದಿನ ಕಾಂಕ್ರೀಟಿನ ಮಾಳಿಗೆಯೂ ಒಂದು ಬಂಡೆಯೇ. ಅದರ ಮೇಲಿನ ನೀರು ಎಲ್ಲಿಗೆ ಹೋಗಬೇಕೆಂಬುದನ್ನು ಮಾತ್ರ ನಾವು ಯೋಚಿಸುವುದಿಲ್ಲ.

ಹುನಗುಂದದ ಎರಿಭೂಮಿಯ ರೈತರು ಹೊಲದ ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕಿ, ಹೆಚ್ಚಾದ ನೀರು ಹೊರಬೀಳಲು ಕಲ್ಲಿನ ಕೋಡಿ ಇಡುತ್ತಾರೆ. ನೀರು ನಿಲ್ಲಬೇಕು, ಆದರೆ ಕೊಚ್ಚಿಕೊಂಡು ಹೋಗಬಾರದು ಎಂಬುದು ಅವರ ಸೂತ್ರ. ಮನೆಯ ಅಂಗಳವೂ ಒಂದು ಚಿಕ್ಕ ಹೊಲವೆಂದು ತಿಳಿದರೆ ಇದೇ ಸೂತ್ರ ಅಲ್ಲಿಗೂ ಸಲ್ಲುತ್ತದೆ.

ಮೊದಲನೆಯ ಪಾಠ: ನೆಲವನ್ನು ಓದುವುದು

ನಿವೇಶನ ಕೈಗೆ ಬಂದೊಡನೆ ಗೌಂಡಿಯನ್ನು ಕರೆಯುವುದಕ್ಕಿಂತ ಮೊದಲು ಒಂದು ಗುದ್ದಲಿಯನ್ನು ಹಿಡಿಯುವುದು ಒಳ್ಳೆಯದು. ಎರಡು ಮೂರು ಕಡೆ ಒಂದೊಂದು ಅಡಿ ಉದ್ದ, ಅಗಲ, ಆಳದ ಕುಣಿ ತೋಡಿ ಮಣ್ಣನ್ನು ನೋಡಬೇಕು. ನಮ್ಮ ಭಾಗದಲ್ಲಿ ಸಾಮಾನ್ಯವಾಗಿ ಕಾಣುವುದು ಎರಿ, ಮಸಾರಿ ಮತ್ತು ಗರಸು. ಕುಣಿಯನ್ನು ಒಮ್ಮೆ ನೀರಿನಿಂದ ತುಂಬಿಸಿ ಇಂಗಲು ಬಿಟ್ಟು, ಮತ್ತೆ ತುಂಬಿಸಿ ಎಷ್ಟು ಹೊತ್ತಿನಲ್ಲಿ ಇಂಗುತ್ತದೆಂಬುದನ್ನು ಗುರುತಿಸಿಕೊಳ್ಳಬೇಕು. ಗರಸಿನಲ್ಲಿ ಬೇಗ ಇಂಗುತ್ತದೆ. ಎರಿಯಲ್ಲಿ ರಾತ್ರಿ ಕಳೆದರೂ ನೀರು ನಿಂತಿರಬಹುದು. ಇಂಗುಗುಂಡಿ ಎಲ್ಲಿರಬೇಕು, ಇರಲೇಬಾರದೋ ಎಂಬುದನ್ನು ಈ ಚಿಕ್ಕ ಪರೀಕ್ಷೆಯೇ ಹೇಳುತ್ತದೆ.

ಎರಿಮಣ್ಣಿನ ಗುಣ ವಿಶೇಷವಾದುದು. ತೊಯ್ದಾಗ ಉಬ್ಬುತ್ತದೆ, ಒಣಗಿದಾಗ ಕೈ ಹೋಗುವಷ್ಟು ಬಿರಿಯುತ್ತದೆ. ಗೋಡೆಯ ಒಂದು ಬದಿಯಲ್ಲಿ ನೀರು ನಿಂತು, ಇನ್ನೊಂದು ಬದಿಯಲ್ಲಿ ದೊಡ್ಡ ಮರವು ತೇವವನ್ನು ಹೀರುತ್ತಿದ್ದರೆ, ಪಾಯದ ಕೆಳಗಿನ ನೆಲ ಒಂದು ಕಡೆ ಏರಿ ಇನ್ನೊಂದು ಕಡೆ ಕುಸಿಯುತ್ತದೆ. ಗೋಡೆಯಲ್ಲಿ ಓರೆಯಾಗಿ ಬಿರುಕು ಬಿಡುತ್ತದೆ. ಆದ್ದರಿಂದ ಎರಿನೆಲದಲ್ಲಿ ಗಿಡದ ಸ್ಥಾನ ಕೇವಲ ಅಂದದ ಪ್ರಶ್ನೆಯಲ್ಲ, ಅದು ಮನೆಯ ಆಯುಷ್ಯದ ಪ್ರಶ್ನೆ. ಗೋಡೆಯ ಸುತ್ತಲೂ ಸುಮಾರು 3 ಅಡಿ ಅಗಲದ, ಹೊರಕ್ಕೆ ಇಳಿಜಾರಾದ ಫರಸಿಯ ಪಟ್ಟಿಯನ್ನು ಮಾಡುವುದು ಇಂಥಲ್ಲಿ ತೀರ ಅವಶ್ಯ. ಪಕ್ಕದ ಜಾಗ ಅಷ್ಟು ಇಲ್ಲದಿದ್ದರೆ ಇರುವಷ್ಟನ್ನಾದರೂ ಮಣ್ಣು ಬಿಡದೆ ಮುಚ್ಚಬೇಕು. 50 ಅಡಿಗೆ 1 ಅಡಿ ಇಳಿಜಾರು ಸಾಕು. ಎಂದರೆ 10 ಅಡಿಯ ದೂರಕ್ಕೆ ಎರಡೂವರೆ ಇಂಚಿನಷ್ಟು.

ಇಳಕಲ್ಲಿನಲ್ಲಿ ಈ ಮಾತಿಗೆ ಇನ್ನೊಂದು ಕಾರಣವೂ ಉಂಟು. ಅಲ್ಲಿ ಮನೆಯೇ ಕೈಗಾರಿಕೆಯ ಶಾಲೆ. ಕುಣಿಮಗ್ಗವಿರುವ ಮನೆಯಲ್ಲಿ ನೇಕಾರನ ಕಾಲುಗಳು ನೆಲಮಟ್ಟಕ್ಕಿಂತ ಕೆಳಗಿರುತ್ತವೆ. ಹೊರಗಿನ ನೀರು ಗೋಡೆಯ ಬುಡದಲ್ಲಿ ನಿಂತರೆ ಮಗ್ಗದ ಕುಣಿಗೆ ತೇವ ಬರುತ್ತದೆ. ನೂಲಿಗೂ ಹಾನಿ, ದುಡಿಯುವವನ ಆರೋಗ್ಯಕ್ಕೂ ಹಾನಿ. ಹಾಸು ಹೂಡಲು ಉದ್ದನೆಯ ತೆರಪು ಜಾಗವೂ, ಮಗ್ಗಕ್ಕೆ ಸಮನಾದ ಬೆಳಕೂ ಬೇಕು. ನೇಕಾರರ ಮನೆಯ ಅಂಗಳದ ನಕ್ಷೆ ಬರೆಯುವವನು ನಡುವೆ ಹೂವಿನ ಮಡಿ ಮಾಡಹೋಗದೆ, ಒಂದು ಬದಿಗೆ ಉದ್ದವಾದ ನೆರಳಿನ ಪಟ್ಟಿಯನ್ನು ಖಾಲಿ ಬಿಡಬೇಕು. ಯಾರ ಮನೆ, ಏನು ಕಸುಬು ಎಂಬುದನ್ನು ತಿಳಿಯದೆ ಯಾವ ಅಂಗಳವನ್ನೂ ಯೋಜಿಸಲಾಗದು.

ಎರಡನೆಯ ಪಾಠ: ನೀರಿನ ಲೆಕ್ಕ

ಬಾಗಲಕೋಟೆ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 550ರಿಂದ 600 ಮಿಲಿಮೀಟರಿನಷ್ಟು ಮಳೆಯಾಗುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಜೂನಿನಿಂದ ಅಕ್ಟೋಬರಿನವರೆಗೆ, ಸೆಪ್ಟೆಂಬರಿನಲ್ಲಿ ವಿಶೇಷ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಈ ಸರಳ ಸಂಗತಿಯನ್ನು ಹಿಡಿದು 30 ಅಡಿ ಅಗಲ, 40 ಅಡಿ ಉದ್ದದ ಒಂದು ನಿವೇಶನದ ಲೆಕ್ಕ ಮಾಡೋಣ.

ನಿವೇಶನದ ವಿಸ್ತೀರ್ಣ 1200 ಚದರ ಅಡಿ, ಎಂದರೆ ಸುಮಾರು 111 ಚದರ ಮೀಟರ್. 550 ಮಿಲಿಮೀಟರ್ ಮಳೆಯಲ್ಲಿ ಅದರ ಮೇಲೆ ಬೀಳುವ ನೀರು 61 ಸಾವಿರ ಲೀಟರು. ಇದರಲ್ಲಿ 28 ಅಡಿಗೆ 25 ಅಡಿಯ ಮನೆ ಕಟ್ಟಿದರೆ ಮಾಳಿಗೆ 700 ಚದರ ಅಡಿ, ಅಂದರೆ 65 ಚದರ ಮೀಟರ್. ಆವಿಯಾಗಿ, ಸಿಡಿದು ಹೋದುದನ್ನು ಕಳೆದು ನೂರಕ್ಕೆ 80 ಪಾಲು ಕೈಗೆ ಸಿಕ್ಕರೂ ಮಾಳಿಗೆಯೊಂದರಿಂದಲೇ ವರ್ಷಕ್ಕೆ 28 ಸಾವಿರ ಲೀಟರಿಗೂ ಹೆಚ್ಚು. ಒಂದೇ ದಿನ 40 ಮಿಲಿಮೀಟರಿನ ದೊಡ್ಡ ಮಳೆಯಾದರೆ 2000 ಲೀಟರಿನಷ್ಟು ಬರುತ್ತದೆ. 4 ಅಡಿ ಉದ್ದ, 4 ಅಡಿ ಅಗಲ, 5 ಅಡಿ ಆಳದ ತೊಟ್ಟಿ ಇಷ್ಟನ್ನು ಹಿಡಿಯುತ್ತದೆ. ಈ ತೊಟ್ಟಿಯ ಜಾಗವನ್ನು ಪಾಯದ ಗುರುತು ಹಾಕುವ ದಿನವೇ ಬಿಟ್ಟರೆ ಖರ್ಚು ಅಲ್ಪ; ಮನೆಯಾದ ಮೇಲೆ ಫರಸಿ ಕಿತ್ತು ತೋಡಿದರೆ ಅದೇ ಖರ್ಚು ಇಮ್ಮಡಿಯಾದರೂ ಆಶ್ಚರ್ಯವಿಲ್ಲ.

ಇನ್ನು ವ್ಯಯದ ಕಡೆ ನೋಡೋಣ. ಚಿತ್ರಗಳಲ್ಲಿ ಕಾಣುವ ಹಸಿರು ಹುಲ್ಲುಹಾಸಿನ ಮೋಹ ಹೊಸ ಮನೆಗಳಲ್ಲಿ ಹಬ್ಬುತ್ತಿದೆ. ನಮ್ಮ ಬೇಸಗೆಯಲ್ಲಿ ಹುಲ್ಲುಹಾಸಿಗೆ ದಿನಕ್ಕೆ ಚದರ ಮೀಟರಿಗೆ 5ರಿಂದ 6 ಲೀಟರ್ ನೀರು ಬೇಕು. 200 ಚದರ ಅಡಿಯ ಹಾಸಿಗೆ ದಿನಕ್ಕೆ ನೂರು ಲೀಟರು. ನಳದ ನೀರಿಗಾಗಿ ಕೊಡಗಳು ಸಾಲುಗಟ್ಟುವ ಏಪ್ರಿಲ್ ತಿಂಗಳಿನಲ್ಲಿ ಇಷ್ಟು ನೀರನ್ನು ಹುಲ್ಲಿಗೆ ಉಣಿಸುವುದು ನ್ಯಾಯವೇ ಎಂಬುದನ್ನು ಪ್ರತಿಯೊಬ್ಬರೂ ಯೋಚಿಸಬೇಕು. ಅಷ್ಟೇ ನೀರಿನಲ್ಲಿ ನಾಲ್ಕು ಬಾಳೆ, ಒಂದು ಲಿಂಬೆ, ಒಂದು ಕರಿಬೇವು ಬದುಕಿ ಮನೆಯವರಿಗೆ ಹಣ್ಣು, ಎಲೆ, ನೆರಳು ಕೊಡುತ್ತವೆ. ಅದಕ್ಕೆ ಹೊಸ ನೀರೂ ಬೇಕಾಗಿಲ್ಲ. ಐದು ಜನರ ಸಂಸಾರದ ಬಚ್ಚಲ ನೀರು ಸಾಕು. ಆದರೆ ಬಚ್ಚಲಿನ ಕೊಳವೆ ಹಿತ್ತಲಿನ ಕಡೆಗೆ ಹೊರಡಬೇಕೋ, ಬೀದಿಯ ಗಟಾರದ ಕಡೆಗೋ ಎಂಬುದು ಪಾಯದ ದಿನವೇ ನಿರ್ಧಾರವಾಗಿಬಿಡುತ್ತದೆ. ಬಾಳೆಯ ಮಡಿ ಎಲ್ಲಿ ಬರುವುದೆಂದು ಮೊದಲು ಗೊತ್ತಿದ್ದರೆ ಬಚ್ಚಲನ್ನು ಅದರ ಮಗ್ಗುಲಿಗೆ ಇಡಬಹುದು. ಮಲದ ನೀರನ್ನು ಮಾತ್ರ ಇದರಲ್ಲಿ ಸೇರಿಸದೆ ಬೇರೆ ಕೊಳವೆಯಲ್ಲಿ ಒಯ್ಯಬೇಕು.

ಮೂರನೆಯ ಪಾಠ: ಬಿಸಿಲು ಮತ್ತು ಗಾಳಿ

ನಮ್ಮ ಊರುಗಳು ಉತ್ತರ ಅಕ್ಷಾಂಶ 16 ಡಿಗ್ರಿಯ ಆಸುಪಾಸಿನಲ್ಲಿವೆ. ಆದ್ದರಿಂದ ವರ್ಷಕ್ಕೆ ಎರಡು ಸಲ, ಮೇ ತಿಂಗಳ ಮೊದಲ ವಾರ ಮತ್ತು ಆಗಸ್ಟ್ ತಿಂಗಳ ಮೊದಲ ವಾರದಲ್ಲಿ, ನಡುಹಗಲಿನ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ಇವೆರಡರ ನಡುವಿನ ಕಾಲದಲ್ಲಿ ಅವನು ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಡಿಸೆಂಬರಿನ ಕೊನೆಯಲ್ಲಿ ದಕ್ಷಿಣಕ್ಕೆ ಇಳಿದು ನಡುಹಗಲಿಗೆ 50 ಡಿಗ್ರಿಯಷ್ಟು ಎತ್ತರದಲ್ಲಿ ನಿಲ್ಲುತ್ತಾನೆ. ಆಗ 10 ಅಡಿ ಕೋಲಿನ ನೆರಳು 8 ಅಡಿಗಿಂತ ಸ್ವಲ್ಪ ಉದ್ದ. ದಕ್ಷಿಣದ ಗೋಡೆಯ ಮೇಲೆ ಬೀಳುವ ಈ ಬಿಸಿಲು ಚಳಿಗಾಲದಲ್ಲಿ ಹಿತವಾದುದು. ಅಲ್ಲಿ ದಟ್ಟವಾದ ಮರ ಬೇಡ. ತುಳಸಿ, ದಾಸವಾಳ, ಮಲ್ಲಿಗೆಯಂಥ ಗಿಡ್ಡ ಗಿಡಗಳು ಸಾಕು. ಹಪ್ಪಳ ಸಂಡಿಗೆ ಒಣಗಿಸುವ ಜಾಗವನ್ನೂ ಅಲ್ಲಿಯೇ ಇಡಬಹುದು.

ನಿಜವಾದ ವೈರಿ ಪಶ್ಚಿಮದ ಬಿಸಿಲು. ಏಪ್ರಿಲಿನಲ್ಲಿ ಸಂಜೆ ನಾಲ್ಕೂವರೆಯ ಹೊತ್ತಿಗೆ ಸೂರ್ಯನು ಹೆಚ್ಚುಕಡಿಮೆ ನೇರ ಪಶ್ಚಿಮದಲ್ಲಿ, 30 ಡಿಗ್ರಿಯ ಸುಮಾರು ಎತ್ತರದಲ್ಲಿರುತ್ತಾನೆ. ಆ ಹೊತ್ತಿಗೆ 2 ಅಡಿ ಮುಂಚಾಚಿದ ಛಜ್ಜಾ ಗೋಡೆಯ ಮೇಲೆ ಕೊಡುವ ನೆರಳು ಒಂದು ಅಡಿಗಿಂತ ತುಸು ಹೆಚ್ಚು ಮಾತ್ರ. ಉಳಿದ ಗೋಡೆಯೆಲ್ಲ ಕಾದು, ಆ ಕಾವನ್ನು ರಾತ್ರಿ ಒಳಗೆ ಬಿಡುತ್ತದೆ. ಆದರೆ ಗೋಡೆಯಿಂದ 5 ಅಡಿ ದೂರದಲ್ಲಿ 10 ಅಡಿ ಎತ್ತರದ ಒಂದು ಗಿಡವಿದ್ದರೆ ಅದೇ ಹೊತ್ತಿನಲ್ಲಿ ಗೋಡೆಯ 7 ಅಡಿಯವರೆಗೆ ನೆರಳು ಬೀಳುತ್ತದೆ. ಛಜ್ಜಾ ಮಾಡಲಾರದ್ದನ್ನು ಒಂದು ದಾಳಿಂಬೆಯ ಗಿಡವೋ, ಹಂದರಕ್ಕೆ ಹಬ್ಬಿಸಿದ ಅವರೆ ಬಳ್ಳಿಯೋ ಮಾಡುತ್ತದೆ. ಆದುದರಿಂದ ಮನೆಯನ್ನು ನಿವೇಶನದ ನಟ್ಟನಡುವೆ ಕೂಡ್ರಿಸಿ ನಾಲ್ಕೂ ಬದಿಗೆ ಉಪಯೋಗಕ್ಕೆ ಬಾರದ ಸಂದುಗಳನ್ನು ಬಿಡುವುದರ ಬದಲು, ನಿಯಮಗಳು ಒಪ್ಪುವ ಮಿತಿಯಲ್ಲಿ ಪಶ್ಚಿಮಕ್ಕೆ ಹೆಚ್ಚು ಜಾಗ ಬಿಡುವುದು ಜಾಣತನ. ಹೀಗೆ ಅಂಗಳದ ಯೋಜನೆಯು ಮನೆಯ ಸ್ಥಾನವನ್ನೇ ಬದಲಿಸಬಲ್ಲದು. ಅದಕ್ಕಾಗಿಯೇ ಅದು ಮೊದಲು ಆಗಬೇಕೆಂದು ನಾನು ಹೇಳುವುದು.

ಗಾಳಿಯ ವಿಷಯವೂ ಹಾಗೆಯೇ. ಮುಂಗಾರಿನ ತಿಂಗಳುಗಳಲ್ಲಿ ಪಡುವಣ ಗಾಳಿ ಜೋರಾಗಿ ಬೀಸುತ್ತದೆ. ಚಳಿಗಾಲದಲ್ಲಿ ಮೂಡಣದ ಒಣಗಾಳಿ. ಪಶ್ಚಿಮದ ಕಿಟಕಿಗೆ ಎದುರಾಗಿ ಸಂದಿಲ್ಲದಂತೆ ಗಿಡ ಹಚ್ಚಿದರೆ ಬಿಸಿಲಿನ ಜೊತೆಗೆ ಗಾಳಿಯೂ ನಿಲ್ಲುತ್ತದೆ. ಕೆಳಗೆ ಗಾಳಿಯಾಡುವಂತೆ ಕಾಂಡ ಬಿಟ್ಟು ಮೇಲೆ ಹರಡುವ ಗಿಡವೇ ಅಲ್ಲಿಗೆ ತಕ್ಕದ್ದು.

ನಾಲ್ಕನೆಯ ಪಾಠ: ಕಾಗದದ ಮೇಲಿನ ಅಂಗಳ

ಇಷ್ಟು ತಿಳಿದ ಮೇಲೆ ನಕ್ಷೆಯನ್ನು ಬರೆಯಬೇಕು. ಚೌಕಳಿ ಕಾಗದದಲ್ಲಿ ಒಂದು ಮನೆಗೆ ಒಂದು ಅಡಿಯೆಂದು ಹಿಡಿದರೆ ಶಾಲೆಯ ಹುಡುಗನೂ ಇದನ್ನು ಮಾಡಬಲ್ಲ. ಮೊದಲು ಉತ್ತರ ದಿಕ್ಕನ್ನೂ, ನೆಲದ ಇಳಿಜಾರನ್ನೂ ಬಾಣದಿಂದ ತೋರಿಸಬೇಕು. ಎರಡನೆಯದಾಗಿ ಈಗಾಗಲೇ ಇರುವ ಮರ, ಬಂಡೆ, ಬೀದಿಯ ನಳ, ವಿದ್ಯುತ್ತಿನ ಕಂಬಗಳನ್ನು ಗುರುತಿಸಬೇಕು. ಮೂರನೆಯದಾಗಿ ಮನೆಯ ಜನ ಹೊರಗೆ ಮಾಡುವ ಕೆಲಸಗಳ ಪಟ್ಟಿಯನ್ನು ಬರೆಯಬೇಕು: ಪಾತ್ರೆ ತೊಳೆಯುವುದು, ಬಟ್ಟೆ ಒಣಹಾಕುವುದು, ಕಾಳು ಹಸನು ಮಾಡುವುದು, ಮುದುಕರು ಸಂಜೆ ಕುಳಿತುಕೊಳ್ಳುವುದು, ಮಕ್ಕಳ ಆಟ, ಗಾಡಿ ನಿಲ್ಲಿಸುವುದು. ಈ ಪಟ್ಟಿಯನ್ನು ಮನೆಯ ಹೆಣ್ಣುಮಕ್ಕಳನ್ನು ಕೇಳದೆ ಮಾಡಿದರೆ ಅರ್ಧ ತಪ್ಪುತ್ತದೆ. ಅಂಗಳ ಹಿತ್ತಲುಗಳಲ್ಲಿ ದಿನದ ಹೆಚ್ಚು ಹೊತ್ತು ದುಡಿಯುವವರು ಅವರೇ. ಕೊನೆಯದಾಗಿ ತೊಟ್ಟಿ, ಮಲದ ಗುಂಡಿ, ಕೊಳವೆಗಳು, ಬಳಿಕ ಗಿಡಗಳು.

ಗಿಡವನ್ನು ನಕ್ಷೆಯಲ್ಲಿ ಒಂದು ಚುಕ್ಕೆಯಾಗಿ ಗುರುತಿಸದೆ, ಬೆಳೆದು ನಿಂತಾಗ ಅದು ಆವರಿಸುವ ವರ್ತುಲವಾಗಿ ಬರೆಯಬೇಕು. ಬೇವಿಗೆ 30 ಅಡಿ ವ್ಯಾಸದ ವರ್ತುಲ ಹಾಕಿ ನೋಡಿದರೆ, 30 ಅಡಿ ಅಗಲದ ನಿವೇಶನದಲ್ಲಿ ಅದಕ್ಕೆ ಎಡೆಯಿಲ್ಲವೆಂಬುದು ಕಾಗದದ ಮೇಲೆಯೇ ಸ್ಪಷ್ಟವಾಗುತ್ತದೆ. ಹಾಗೆಂದು ಬೇವನ್ನು ಬಿಡಬೇಕಾಗಿಲ್ಲ. ಓಣಿಯ ನಾಲ್ಕಾರು ಮನೆಯವರು ಕೂಡಿ, ಪುರಸಭೆಯ ಒಪ್ಪಿಗೆ ಪಡೆದು, ಬೀದಿಯ ಅಂಚಿನಲ್ಲಿ ಬೇವು ಹೊಂಗೆಗಳನ್ನು ಸಾಲಾಗಿ ಬೆಳೆಸಬಹುದು. ದೊಡ್ಡ ಮರ ಓಣಿಯ ಸೊತ್ತು, ಚಿಕ್ಕ ಮರ ಮನೆಯ ಸೊತ್ತು ಎಂದು ಹಂಚಿಕೊಂಡರೆ ಎರಡೂ ಉಳಿಯುತ್ತವೆ.

ನಿವೇಶನದೊಳಗೆ ಕರಿಬೇವು, ಲಿಂಬೆ, ದಾಳಿಂಬೆ, ಪೇರಲ, ಪಾರಿಜಾತ ಸಲ್ಲುವ ಗಿಡಗಳು. ಕಲಾದಗಿಯ ಕಡೆ ದಾಳಿಂಬೆ ಚಿಕ್ಕುಗಳು ಬೆಳೆಯುವುದನ್ನು ನೋಡಿದವರಿಗೆ ಇವು ನಮ್ಮ ನೆಲ ಒಪ್ಪುವ ಗಿಡಗಳೆಂದು ಬೇರೆ ಹೇಳಬೇಕಾಗಿಲ್ಲ. ನುಗ್ಗೆಯ ಟೊಂಗೆ ಗಾಳಿಗೆ ಬೇಗ ಮುರಿಯುತ್ತದೆ; ಅದು ಹಿತ್ತಲಿನ ಮೂಲೆಗಿರಲಿ. ಆಲ, ಅರಳಿ, ಅತ್ತಿಗಳ ಬೇರು ಗೋಡೆಯನ್ನೇ ಸೀಳಬಲ್ಲುದು. ಅವು ಗುಡಿಯ ಬಯಲಿಗೆ ಶೋಭೆ, ಮನೆಯ ಮಗ್ಗುಲಿಗಲ್ಲ. ಕಣಗಿಲೆ ನೀರಿಲ್ಲದೆ ಹೂ ಬಿಡುವುದಾದರೂ ಅದರ ಎಲ್ಲ ಭಾಗವೂ ವಿಷ. ಚಿಕ್ಕ ಮಕ್ಕಳಿರುವ ಮನೆಗೆ ಬೇಡ. ಬಾಗಲಕೋಟೆಯಲ್ಲಿ 2008ರಲ್ಲಿ ಸ್ಥಾಪನೆಯಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿರುವುದು ನಮ್ಮ ಭಾಗ್ಯ. ಯಾವ ತಳಿ ಯಾವ ಮಣ್ಣಿಗೆ ಎಂಬ ಸಂಶಯ ಬಂದರೆ ತಿಳಿದವರು ಊರಲ್ಲಿಯೇ ಇದ್ದಾರೆ.

ಪಾಯ ತೋಡುವ ಮೊದಲು ಮಾಡತಕ್ಕ ಐದು ಕೆಲಸಗಳು

ಮೊದಲನೆಯದು, ನಕ್ಷೆಯನ್ನು ಸುಣ್ಣದ ಪುಡಿಯಿಂದ ನೆಲದ ಮೇಲೆ ಬರೆದು, ಬೆಳಿಗ್ಗೆ ಮತ್ತು ಸಂಜೆ ಅದರೊಳಗೆ ನಡೆದಾಡಿ ನೋಡುವುದು. ಕಾಗದದಲ್ಲಿ ದೊಡ್ಡದಾಗಿ ಕಂಡ ಹಿತ್ತಲು ನೆಲದಲ್ಲಿ ಎರಡು ಹೆಜ್ಜೆಯಾಗಬಹುದು. ಸುಣ್ಣದ ಗೆರೆಯನ್ನು ಕಾಲಿನಿಂದ ಅಳಿಸಬಹುದು, ಗೋಡೆಯನ್ನು ಅಳಿಸಲಾಗದು.

ಎರಡನೆಯದು, ಮನೆ ಏಳುವ ಜಾಗದ ಮೇಲ್ಮಣ್ಣನ್ನು 6 ಇಂಚಿನಷ್ಟು ಕೆತ್ತಿ ಒಂದು ಮೂಲೆಗೆ ಕೂಡಿಹಾಕುವುದು. 700 ಚದರ ಅಡಿಯಿಂದ 350 ಘನ ಅಡಿ ಮಣ್ಣು ಸಿಗುತ್ತದೆ. ಗೊಬ್ಬರ, ಜೀವಾಣು, ಬೇರಿನ ಸಾರ ಇರುವುದು ಈ ಪದರದಲ್ಲಿಯೇ. ಇದನ್ನು ಪಾಯದ ಮಣ್ಣಿನೊಡನೆ ಬೆರೆಸಿ ಕಳೆದುಕೊಂಡು, ಮುಂದಿನ ವರ್ಷ ಟ್ರ್ಯಾಕ್ಟರಿನಲ್ಲಿ ಮಣ್ಣು ಕೊಂಡು ತರಿಸುವ ಮನೆಗಳು ಎಷ್ಟೋ ಇವೆ.

ಮೂರನೆಯದು, ಉಳಿಸಬೇಕಾದ ಮರದ ಸುತ್ತ, ಅದರ ಟೊಂಗೆಗಳ ಹರವಿನಷ್ಟು ದೂರಕ್ಕೆ, ಬೇಲಿ ಹಾಕುವುದು. ಅದರ ಬುಡದಲ್ಲಿ ಇಟ್ಟಿಗೆ ಒಟ್ಟಬಾರದು, ಗಾರೆ ಕಲಸಬಾರದು. ಸುಣ್ಣ ಸಿಮೆಂಟುಗಳ ನೀರು ಮಣ್ಣಿನ ಕ್ಷಾರವನ್ನು ಹೆಚ್ಚಿಸುತ್ತದೆ. ಗಾಡಿಯ ಭಾರಕ್ಕೆ ನೆಲ ಬಿಗಿದು ಬೇರಿಗೆ ಉಸಿರು ಕಟ್ಟುತ್ತದೆ.

ನಾಲ್ಕನೆಯದು, ಗಾರೆ ಕಲಸುವ ಸ್ಥಳ, ಮರಳು ಕಲ್ಲು ಇಳಿಸುವ ಸ್ಥಳಗಳನ್ನು ಮುಂದೆ ಫರಸಿ ಹಾಸುವ ಕಡೆಯಲ್ಲಿಯೇ ಗೊತ್ತುಮಾಡುವುದು. ಆ ಫರಸಿಯ ಕೆಳಗೆ ನೀರಿನ ನಳಕ್ಕಾಗಿ ಒಂದೆರಡು ಖಾಲಿ ಕೊಳವೆಗಳನ್ನು ಹೂತಿಟ್ಟರೆ ಮುಂದೆ ಒಡೆಯುವ ಪ್ರಸಂಗವಿಲ್ಲ. ಪಾಯಕ್ಕೆ ಗೆದ್ದಲಿನ ಔಷಧ ಹಾಕಿಸುವವರು ಕಾಯಿಪಲ್ಲೆಯ ಮಡಿಗಳನ್ನು ಗೋಡೆಯಿಂದ ದೂರವಿಡಬೇಕು. ಹಾಸಲು ಕಲ್ಲು ನಮ್ಮಲ್ಲಿ ಬೇಕಾದಷ್ಟಿದೆ. ಇಳಕಲ್ಲಿನ ಕೆಂಪು ಗ್ರಾನೈಟು ದೇಶವಿದೇಶಗಳಿಗೆ ಹೋಗುತ್ತದೆ. ಆದರೆ ನೆಲವನ್ನೆಲ್ಲ ಕಲ್ಲಿನಿಂದ ಮುಚ್ಚಿದರೆ ಅಂಗಳ ಬೇಸಗೆಯಲ್ಲಿ ಹಂಚಿನಂತೆ ಕಾಯುತ್ತದೆ, ಮಳೆಯ ನೀರು ಇಂಗುವುದಿಲ್ಲ. ಕಾಲಿಡುವಲ್ಲಿ ಕಲ್ಲು, ಉಳಿದೆಡೆ ಮಣ್ಣು ಎಂಬ ಮಿತಿಯಿರಲಿ.

ಐದನೆಯದು, ಸಸಿಗಳನ್ನು ಮನೆಗಿಂತ ಮೊದಲೇ ನೆಡುವುದು. ಕಟ್ಟಡದ ಕೆಲಸಕ್ಕೆ ಅಡ್ಡಬಾರದ ಅಂಚಿನಲ್ಲಿ, ಪಶ್ಚಿಮದ ಗಡಿಯಲ್ಲಿ, ಮುಂಗಾರಿನ ಆರಂಭಕ್ಕೆ ನೆಟ್ಟ ಸಸಿ ಗೃಹಪ್ರವೇಶದ ವೇಳೆಗೆ ಒಂದು ವರ್ಷದ್ದಾಗಿರುತ್ತದೆ. ಗೋಡೆಗೆ ಹೊಡೆಯಲು ಕಟ್ಟಡದ ಕಾಲದಲ್ಲಿ ನೀರು ಹೇಗೂ ಬಂದಿರುತ್ತದೆ. ಅದರಲ್ಲಿ ದಿನಕ್ಕೆ ಒಂದು ಕೊಡ ಸಸಿಗೆ ಸಲ್ಲಲಿ.

ಉಪಸಂಹಾರ

ಮೇಲೆ ಹೇಳಿದ ಯಾವ ಕೆಲಸಕ್ಕೂ ಹೆಚ್ಚು ಹಣ ಬೇಡ. ಚೌಕಳಿ ಕಾಗದ, ಗುದ್ದಲಿ, ಹಗ್ಗ, ಸುಣ್ಣದ ಪುಡಿ, ಒಂದು ಕೋಲು, ಇಷ್ಟೇ ಸಾಮಗ್ರಿ. ನಮ್ಮ ಕಾಲೇಜಿನ ವಿದ್ಯಾರ್ಥಿಗಳು ಹೆಚ್ಚಾಗಿ ಹಳ್ಳಿಗಳಿಂದಲೂ ಹೊಸ ಬಡಾವಣೆಗಳಿಂದಲೂ ಬಂದವರು. ಮುಂದಿನ ಕೆಲವು ವರ್ಷಗಳಲ್ಲಿ ನಮ್ಮಲ್ಲಿ ಅನೇಕರ ಮನೆಗಳಲ್ಲಿ ಪಾಯದ ಪೂಜೆಯಾಗಲಿದೆ. ಕೆಲವರ ಊರುಗಳೇ ಸ್ಥಳಾಂತರವಾಗಬಹುದು. ತಂದೆತಾಯಿಗಳು ಗೌಂಡಿಯೊಡನೆ ಕೋಣೆಗಳ ಲೆಕ್ಕ ಮಾಡುತ್ತಿರುವಾಗ ಅಂಗಳದ ನಕ್ಷೆಯನ್ನು ಅವರ ಮುಂದಿಡುವ ಕೆಲಸವನ್ನು ನಾವು ಮಾಡಬಹುದು. ಕಲಿತ ವಿದ್ಯೆ ಪರೀಕ್ಷೆಯ ಕೋಣೆಯಿಂದ ಹೊರಬಂದು ಹಿತ್ತಲಿನವರೆಗೆ ನಡೆದು ಬಂದರೆ ಅದು ಸಾರ್ಥಕ.

ನವನಗರದಲ್ಲಿ ಮೊದಮೊದಲು ಮನೆ ಕಟ್ಟಿದ ಕೆಲವರು ಅಂದೇ ನೆಟ್ಟ ಬೇವುಗಳ ಕೆಳಗೆ ಇಂದು ಮುದುಕರು ಕುಳಿತು ಮಾತಾಡುತ್ತಾರೆ. ಮುಳುಗಿದ ಓಣಿಯ ಕಟ್ಟೆಯನ್ನು ಯಾವ ಪ್ರಾಧಿಕಾರವೂ ಎತ್ತಿ ತಂದುಕೊಡಲಾರದು. ಆದರೆ ಆ ಕಟ್ಟೆಯ ಮೇಲಿನ ನೆರಳನ್ನು ಹೊಸ ನೆಲದಲ್ಲಿ ಬೆಳೆಸಿಕೊಳ್ಳಬಹುದು, ಮನೆಗಿಂತ ಒಂದು ಮಳೆಗಾಲ ಮೊದಲು ಆರಂಭಿಸಿದರೆ.